ಹಸಿರು ಚೌಕ

ಅಲ್ಲಾಡ್ಬೇಡಿ ಎಂದು ಹೇಳಿದ ಮೇಲೆ ಮುಂದೇನು ಮಾಡಬೇಕೆಂದು ಕಾಂತರಾಜನಿಗೆ ತೋಚಲಿಲ್ಲ. ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಮರಮ್ಮ ಎಂಬ ಹೆಂಗಸು ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ಉಸಿರು ಬಿಗಿಹಿಡಿದು ಕೂತಿದ್ದಳು. ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಅಂಗಡಿ ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕಾದಿದ್ದವಳು. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಹಸಿರು ಚೌಕ ಆಗಲೇ ಬಂದು ಅವಳ ಎಡಗಣ್ಣಿನ ಮೇಲೆ ಕೂತುಬಿಟ್ಟಿತ್ತು. ಚೌಕವೆಂದರೆ ಬೇರೇನಲ್ಲ, ಯಾವುದನ್ನು ಸ್ಪಷ್ಟವಾಗಿ ಹಿಡಿಯಬೇಕೆಂದು ಕ್ಯಾಮೆರಾ ತಾನೇ ಹಾಕಿಕೊಳ್ಳುವ ಗುರುತು. ಹಳೆಯ ಕ್ಯಾಮೆರಾದಲ್ಲಿ ಈ ಉಪಚಾರವಿರಲಿಲ್ಲ. ಇವನೇ ನೋಡಿ, ಇವನೇ ಲೆನ್ಸ್ ತಿರುಗಿಸಿ, ಇವನೇ ಒತ್ತಬೇಕಿತ್ತು. ಮೈಸೂರಿನಿಂದ ತಂದ ಈ ಹೊಸದು ಮನುಷ್ಯರ ಕಣ್ಣು ಕಂಡರೆ ಸಾಕು, ಬಿಡುವುದಿಲ್ಲ. ಆ ಮನುಷ್ಯ ಎದ್ದು ಹೊರಟರೂ ಹಿಂದೆಯೇ ಹೋಗುತ್ತದೆ. ಕಾಂತರಾಜ್ ಕಿಂಡಿಯಿಂದ ಕಣ್ಣು ತೆಗೆದು ಮರಮ್ಮನನ್ನು ಬರಿಗಣ್ಣಿನಿಂದ ನೋಡಿದ. ಇದ್ದಳು. ಮತ್ತೆ ಕಿಂಡಿಯಲ್ಲಿ ನೋಡಿದ. ಅಲ್ಲೂ ಇದ್ದಳು. ಕೂತವಳು ಕೂತೇ ಇದ್ದಾಳೆಂದು ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುವ ಗತಿ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಆಯ್ತಾ ಸಾಮಿ?" ಎಂದಳು ಮರಮ್ಮ, ತುಟಿ ಕದಲಿಸದೆ.

"ಇಲ್ಲಮ್ಮ, ಇನ್ನೊಂದ್ಸಲ."

ಮೊದಲ ಸಲವೇ ತೆಗೆದಿರಲಿಲ್ಲ. ಈ ಜನ ಹೀಗೆಯೇ. ಕ್ಯಾಮೆರಾದ ಎದುರು ನಿಲ್ಲಿಸಿ ಅಲ್ಲಾಡ್ಬೇಡಿ ಎಂದರೆ, ಆಯ್ತು ಎನ್ನುವ ತನಕ ಮೂಗಿನ ಮೇಲೆ ಸೊಳ್ಳೆ ಕೂತರೂ ಓಡಿಸುವುದಿಲ್ಲ. ಆ ಎರಡು ಮಾತೂ ಈ ಅಂಗಡಿಯಲ್ಲಿ ಅವನ ಅಪ್ಪ ನಂಜಣ್ಣನ ಕಾಲದಿಂದ ಬಂದವು. ಅಪ್ಪ ಕೊನೆಯ ಮಾತನ್ನು ಎಳೆದು, ರಾಗವಾಗಿ, ಮಂಗಳಾರತಿ ಮುಗಿಸಿದವನ ಹಾಗೆ ಹೇಳುತ್ತಿದ್ದ. ಕೇಳಿದವರು ಉಸಿರು ಬಿಟ್ಟು ನಗುತ್ತಿದ್ದರು. ಆ ನಗುವ ಮುಖ ತೆಗೆಯಬಾರದೇ, ಮರದ ಬೊಂಬೆಯ ಹಾಗೆ ಕೂತಿದ್ದನ್ನು ತೆಗೆದೆಯಲ್ಲ ಎಂದು ಕಾಂತರಾಜನಿಗೆ ಆಗೆಲ್ಲ ಅನಿಸುತ್ತಿತ್ತು. ಈಗ ಅವನು ಕಿಂಡಿಯೊಳಗೆ ನೋಡುವುದನ್ನೇ ಬಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿ, ಗುಂಡಿ ಒತ್ತಿದ. ಫೋಟೋ ಬಹಳ ಚೆನ್ನಾಗಿ ಬಂತು. ಅವನು ನೋಡಿದ್ದರೆ ಎಷ್ಟು ಚೆನ್ನಾಗಿ ಬರುತ್ತಿತ್ತೋ ಅಷ್ಟೇ ಚೆನ್ನಾಗಿ ಬಂತು. "ಆಯ್ತು," ಎಂದ. ಮರಮ್ಮ ಉಸಿರು ಬಿಟ್ಟಳು.

ಭಾನುವಾರದಿಂದ ಹೀಗಾಗಿದೆ. ಹುಣಸೂರಿನ ಹೊರಗೆ ರಾಗಿ ಕುಯ್ದು ಖಾಲಿ ಬಿದ್ದ ಹೊಲಗಳಲ್ಲಿ ಜೋಡೆತ್ತಿನ ಗಾಡಿ ಓಟ ಇಟ್ಟಿದ್ದರು. ಗೆದ್ದವರ ಫೋಟೋ ತೆಗೆಯಲು ಕಮಿಟಿಯವರು ಕಾಂತರಾಜನನ್ನು ಕರೆದಿದ್ದರು. ಗಾಡಿಗಳು ಕೊನೆಗೆ ಮುಟ್ಟಬೇಕಾದ ಗೆರೆಯ ಆಚೆ, ಓಟದ ದಾರಿಗೆ ಎದುರಾಗಿ ಕೂತು, ಉದ್ದನೆಯ ಲೆನ್ಸ್ ಹಾಕಿಕೊಂಡು, ನುಗ್ಗಿ ಬರುವ ಎತ್ತುಗಳನ್ನು ಹಿಡಿಯಬೇಕು. ಮಧ್ಯಾಹ್ನದ ಓಟವೊಂದರಲ್ಲಿ ಅಂತರಸಂತೆ ಕಡೆಯ ಮಂಟಯ್ಯ ಎಂಬ ಮುದುಕ ದಾರಿಗೆ ಅಡ್ಡ ಬಂದು, ನಡುವೆ ನಿಂತು, ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡ. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ ಸಂಗತಿಯೆಂದರೆ, ಆ ಹೊತ್ತಿನಲ್ಲಿ ಕಾಂತರಾಜ್ ಒಂದೇ ಒತ್ತಿಗೆ ತೆಗೆದ ಸಾಲು ಫೋಟೋಗಳಲ್ಲಿ ಎತ್ತುಗಳು ಮಸುಕು ಮಸುಕಾಗಿವೆ, ಮುದುಕ ಮಾತ್ರ ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟವಾಗಿದ್ದಾನೆ. ಅಂದರೆ ಕಾಂತರಾಜ್ ಅವನನ್ನು ನೋಡಿದ್ದಾನೆ. ನೋಡಿಯೂ ಕೂಗಲಿಲ್ಲ. ಮೈಕಿನ ಅಬ್ಬರದಲ್ಲಿ ಕೂಗು ಕೇಳಿಸುತ್ತಿರಲಿಲ್ಲ ಎಂದು ಇಟ್ಟುಕೊಂಡರೂ, ಮುದುಕ ನೆಟ್ಟ ನೋಟದಿಂದ ಇವನನ್ನೇ ನೋಡುತ್ತಿದ್ದ. ಒಂದು ಸಲ ಕೈ ಬೀಸಿದ್ದರೆ ಸಾಕಿತ್ತು. ಬೀಸಲಿಲ್ಲ. ಗುಂಡಿಯ ಮೇಲಿನ ಬೆರಳನ್ನೂ ತೆಗೆಯಲಿಲ್ಲ.

ಆದರೆ ನಿಜವಾಗಿ ನೋಡಿದ್ದನೇ? ಇದೊಂದು ಪ್ರಶ್ನೆ ಅವನ ಊಟ ನಿದ್ದೆ ಎಲ್ಲವನ್ನೂ ಕೆಡಿಸಿತ್ತು. ಚೌಕ ಎತ್ತಿನ ತಲೆಯ ಮೇಲಿಂದ ಹಾರಿದ್ದು ಚೆನ್ನಾಗಿ ನೆನಪಿದೆ. ಥೂ ಎಂದು ಬೈದದ್ದೂ ನೆನಪಿದೆ. ಹೆಬ್ಬೆರಳಿನಿಂದ ಹಿಂದಿನ ಗುಂಡಿ ಒತ್ತೊತ್ತಿ ಚೌಕವನ್ನು ಮತ್ತೆ ಎತ್ತಿನ ಮೇಲೆ ಎಳೆಯಲು ನೋಡಿದ್ದ, ಅದು ಬರಲೊಲ್ಲದು. ಅವನ ಜೀವವೆಲ್ಲ ಚೌಕದ ಮೇಲಿತ್ತು, ಚೌಕದೊಳಗೆ ಯಾರಿದ್ದಾರೆಂಬುದರ ಮೇಲಲ್ಲ. ಇಷ್ಟನ್ನು ಯಾವ ದೇವರ ಮುಂದೆ ನಿಲ್ಲಿಸಿದರೂ ಹೇಳಿಯಾನು. ತೊಡಕು ಬಂದದ್ದು ಇನ್ನೊಂದು ನೆನಪಿನಿಂದ. ಒಳ್ಳೆ ಮುಖ ಎಂಬ ಮಾತು ಅವನ ತಲೆಯಲ್ಲಿ ಹಾದುಹೋಗಿತ್ತು. ಎಂಥ ಒಳ್ಳೆ ಮುಖ, ಎಷ್ಟು ಚೆನ್ನಾಗಿ ಬೆಳಕು ಬಿದ್ದಿದೆ! ಇದನ್ನು ಅಂದುಕೊಂಡದ್ದು ಹೊಲದಲ್ಲಿ ಕಿಂಡಿಯೊಳಗೆ ನೋಡುತ್ತಿದ್ದಾಗಲೋ, ಇಲ್ಲ ಅಂದು ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿದಾಗಲೋ? ಸಂಜೆ ಎಂದಾದರೆ ಅವನು ಬರೀ ಪೆದ್ದ. ಹೊಲದಲ್ಲಿ ಎಂದಾದರೆ, ಒಬ್ಬ ಮನುಷ್ಯ ಎತ್ತಿನ ಕಾಲಡಿ ಬೀಳುವ ಹೊತ್ತಿಗೆ ಇವನು ಮುಖಕ್ಕೆ ಬಿದ್ದ ಬೆಳಕನ್ನು ಮೆಚ್ಚುತ್ತ ಕೂತಿದ್ದ. ಅವನು ಸೋಮವಾರ ಹೊಲದಲ್ಲಿ ಎಂದು ತೀರ್ಮಾನಿಸಿದ್ದ, ಮಂಗಳವಾರ, ಇಲ್ಲ, ಸಂಜೆ ಎಂದು. ಇವತ್ತು ಎರಡೂ ಸರಿಯೆನಿಸುತ್ತಿತ್ತು.

ಆ ಸಾಲನ್ನು ಅವನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದ, ನೋಯುವ ಹಲ್ಲಿಗೆ ನಾಲಿಗೆ ಹೋಗುವ ಹಾಗೆ. ಮೊದಮೊದಲು ದೂರದ ಧೂಳು, ಧೂಳಿನೊಳಗಿಂದ ಎರಡು ಜೊತೆ ಎತ್ತು, ಗಾಡಿಗಳ ಮೇಲೆ ಬಾಗಿ ನಿಂತ ಓಡಿಸುವವರು. ಆಮೇಲೆ ಬಲಗಡೆಯಿಂದ ಬಿಳಿ ಅಂಗಿಯ ಒಂದು ತೋಳು. ಮುಂದಿನದರಲ್ಲಿ ಮುದುಕ ಪೂರ್ತಿ ಒಳಗೆ ಬಂದಿದ್ದಾನೆ, ತಲೆಗೆ ಟವಲ್ ಸುತ್ತಿದ್ದಾನೆ, ಮುಖ ಪಕ್ಕಕ್ಕಿದೆ. ಅಲ್ಲಿಂದಾಚೆ ಎತ್ತುಗಳು ಕರಗತೊಡಗುತ್ತವೆ. ಮುದುಕ ತಿರುಗಿ ನೇರ ಕ್ಯಾಮೆರಾ ನೋಡುತ್ತಾನೆ. ಟವಲಿಗೆ ಕೈ ಹಾಕುತ್ತಾನೆ. ಬಿಚ್ಚಿದ ಟವಲ್ ತಲೆಯ ಪಕ್ಕ ಗಾಳಿಯಲ್ಲಿದೆ. ಕೊನೆಗೆ ಎರಡೂ ಕೈ ಕೆಳಗಿವೆ, ಮುದುಕ ನೆಟ್ಟಗೆ ನಿಂತಿದ್ದಾನೆ. ಅವನ ಭುಜದ ಹಿಂದೆ ಹಾಲು ಚೆಲ್ಲಿದ ಹಾಗೆ ಒಂದು ಬಿಳುಪು ದೊಡ್ಡದಾಗುತ್ತ ಬಂದಿದೆ. ಅದು ಎತ್ತು. ಮುದುಕನ ಕಣ್ಣಲ್ಲಿ ಭಯವಿಲ್ಲ. ಭಯವಿದ್ದಿದ್ದರೆ ಕಾಂತರಾಜನಿಗೆ ಅರ್ಥವಾದರೂ ಆಗುತ್ತಿತ್ತು. ಟವಲ್ ಯಾಕೆ ಬಿಚ್ಚಿದ? ಕಾಪಾಡು ಎಂದು ಬೀಸಿದನೇ? ಬೀಸಿದವನು ಮತ್ತೆ ಕೈ ಯಾಕೆ ಇಳಿಸಿದ? ಇವನು ಏಳುವುದಿಲ್ಲವೆಂದು ತಿಳಿದು ಸುಮ್ಮನಾಗಿಬಿಟ್ಟನೇ? ಈ ಕೊನೆಯ ಯೋಚನೆ ಬಂದಾಗಲೆಲ್ಲ ಅವನು ಲ್ಯಾಪ್‌ಟಾಪ್ ಮುಚ್ಚುತ್ತಿದ್ದ, ಮುಚ್ಚಿ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಮಂಗಳವಾರ ಎಚ್.ಡಿ. ಕೋಟೆಯ ಚೇತನ್‌ಕುಮಾರನಿಗೆ ಫೋನು ಮಾಡಿದ್ದ. ಚೇತನ್‌ಕುಮಾರ್ ಇವನಿಗಿಂತ ತುಂಬ ಚಿಕ್ಕವನು, ಕಾಡಿನಲ್ಲಿ ಹುಲಿ ಜಿಂಕೆಗಳ ಫೋಟೋ ತೆಗೆಯುವವನು, ಈ ಕ್ಯಾಮೆರಾದ ಮೆನುವನ್ನು ಇವನಿಗೆ ಸಾಲು ಸಾಲಾಗಿ ಕಲಿಸಿದವನು. ಯಾರದೋ ಸಮಸ್ಯೆ ಎಂಬಂತೆ ಕೇಳಿದರಾಯಿತು ಎಂದುಕೊಂಡಿದ್ದ. ಓಡುವ ಪ್ರಾಣಿ ಹಿಡಿಯುವಾಗ ಫೋಕಸ್ ಬೇರೆ ಕಡೆ ಹಾರಿದರೆ ಏನು ಕಾರಣ ಅಂತ ಒಬ್ಬರು ಕೇಳ್ತಿದ್ರು ಕಣೋ, ಎಂದು ಶುರು ಮಾಡಿದ. "ಅಣ್ಣ, ನೀವು ಪ್ರಾಣಿ ಅಂತ ಇಟ್ಟಿದ್ರಾ, ಮನುಷ್ಯ ಅಂತ ಇಟ್ಟಿದ್ರಾ?" ಎಂದು ಆ ಕಡೆಯಿಂದ ನೇರವಾಗಿ ಬಂತು. ಅವನಿಗೆ ಕಿವಿ ಬಿಸಿಯಾಯಿತು. "ಪ್ರಾಣಿ," ಎಂದ. "ಹಂಗಾದ್ರೆ ಎತ್ತಿನ ಮೇಲೇ ಇರ್ಬೇಕಿತ್ತಲ್ಲಣ್ಣ. ಮನುಷ್ಯ ಅಂತ ಇಟ್ಟಿದ್ರೆ ಎತ್ತು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮುಖ ಸಿಕ್ಕಿದ್ ಕಡೆ ಓಡ್ತದೆ. ಅದ್ರಲ್ಲೂ ಓಡಾಡೋ ಮುಖಕ್ಕಿಂತ ಕ್ಯಾಮೆರಾ ನೋಡ್ಕೊಂಡು ನಿಂತಿರೋ ಮುಖ ಸಿಕ್ರೆ ಕಚ್ಕೊಂಡ್ಬುಡ್ತದೆ." ಶನಿವಾರ ಕೆ.ಆರ್. ನಗರದಲ್ಲಿ ನಾಮಕರಣವೊಂದಕ್ಕೆ ಹೋಗಿದ್ದ, ಆಗ ಮನುಷ್ಯ ಎಂದಿತ್ತು. ಭಾನುವಾರ ಹೊಲದಲ್ಲಿ ಕೂತು ಪ್ರಾಣಿ ಎಂದು ಬದಲಿಸಿದ ನೆನಪಿದೆ. ಬದಲಿಸಬೇಕೆಂದು ಅಂದುಕೊಂಡ ನೆನಪೂ ಇರಬಹುದು. ಕ್ಯಾಮೆರಾ ತೆಗೆದು ನೋಡಿದರೆ ಮನುಷ್ಯ ಎಂದೇ ಇತ್ತು. ಆದರೆ ಸೋಮವಾರ ಶಾಲೆಯ ಗ್ರೂಪ್ ಫೋಟೋಗೆ ಹೋಗಿದ್ದನಲ್ಲ, ಆಗ ಬದಲಿಸಿರಬಹುದು. ಕ್ಯಾಮೆರಾದ ಪ್ರಕಾರ ಅದು ಹಿಡಿಯಬೇಕಾದದ್ದನ್ನೇ ಹಿಡಿದಿತ್ತು. ತಪ್ಪು ಮಾಡದೆ ಇದ್ದದ್ದು ಅದೊಂದೇ ಎಂದು ಕಾಂತರಾಜನಿಗೆ ಸಿಟ್ಟು ಬಂತು.

ಮರಮ್ಮ ಫೋಟೋ ತೆಗೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಮಹದೇವಪ್ರಸಾದ್ ಬಂದ. ಓಟದ ಕಮಿಟಿಯ ಅಧ್ಯಕ್ಷ. ಗರಿಗರಿ ಪಂಚೆ, ಕೈಯಲ್ಲಿ ಎರಡು ಫೋನು. ಬಂದವನೇ ಕೌಂಟರಿನ ಒಳಕ್ಕೆ ನುಗ್ಗಿ ಲ್ಯಾಪ್‌ಟಾಪ್ ಮುಂದೆ ಕೂತ. ಮುದುಕನ ಮಗ ಚಲುವರಾಜು ಸ್ಟೇಷನ್ನಿಗೆ ಹೋಗುತ್ತೇನೆ ಎನ್ನುತ್ತಿದ್ದಾನಂತೆ. ಆ ಕಡೆ ಕಮಿಟಿಯವರು ಹಗ್ಗ ಕಟ್ಟಿರಲಿಲ್ಲ, ಅದಕ್ಕೇ ನಮ್ಮಪ್ಪ ದಾರಿಗೆ ಬಂದದ್ದು ಎನ್ನುತ್ತಿದ್ದಾನಂತೆ. ಹಗ್ಗ ಕಟ್ಟಿರಲಿಲ್ಲವೆಂಬುದು ನಿಜವೇ. ಕಾಂತರಾಜ್ ಬೇಡವೆನ್ನುವಷ್ಟರಲ್ಲಿ ಮಹದೇವಪ್ರಸಾದ್ ಆ ಫೋಟೋಗಳನ್ನು ಒಂದೊಂದಾಗಿ ಸರಿಸತೊಡಗಿದ್ದ.

"ಅಬ್ಬಬ್ಬಾ! ಏನಯ್ಯಾ ಕಾಂತರಾಜು, ಎತ್ತು ಬುಟ್ಟು ಇವನ್ನೇ ಹಿಡ್ದಿದ್ದೀಯಲ್ಲ! ಎಷ್ಟ್ ಚೆನ್ನಾಗ್ ಹಿಡ್ದಿದ್ದೀಯ ಮಾರಾಯ!"

"ನಾನ್ ಹಿಡ್ದಿದ್ದಲ್ಲ ಪ್ರಸಾದಣ್ಣ. ಅದೇ..."

"ಇರು ಇರು. ನೋಡಿಲ್ಲಿ, ಟವಲ್ ಬೀಸ್ತಾವ್ನೆ. ಬರೋ ಎತ್ತಿನ ಮುಂದೆ ನಿಂತ್ಕಂಡು ಯಾರಾದ್ರೂ ಟವಲ್ ಬೀಸ್ತಾರೇನಯ್ಯಾ? ಕುಡ್ದವ್ನೆ. ಇಷ್ಟೇ ಸಾಕು ಕಣೋ. ಹಗ್ಗ ಕಟ್ಟಿದ್ರೂ ಹಾರ್ಕಂಡ್ ಬರ್ತಿದ್ದ. ಇದನ್ನ ಸಾಯಂಕಾಲದೊಳ್ಗೆ ನನ್ನ ಫೋನಿಗೆ ಕಳ್ಸು. ಸ್ಟೇಷನ್‌ನಲ್ಲಿ ಕೇಳಿದ್ರೆ ನೀನೂ ಒಂದ್ ಮಾತು ಹೇಳು. ನಿಂಗೂ ಒಳ್ಳೇದು, ನಮ್ಗೂ ಒಳ್ಳೇದು."

ನಿಂಗೂ ಒಳ್ಳೇದು ಎಂದದ್ದು ಸುಮ್ಮನೆ ಬಾಯಿಗೆ ಬಂದ ಮಾತೋ, ಇವನು ಕೂಗದೆ ಕೂತಿದ್ದನ್ನು ಕಂಡು ಅಂದದ್ದೋ ತಿಳಿಯಲಿಲ್ಲ. ಆದರೆ ಕುಡಿದಿದ್ದ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆಯ ಮೇಲಿಂದ ಚಪ್ಪಡಿ ಸರಿದಂತಾಯಿತು. ಕುಡಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕುಡಿದವನಿಗೆ ಯಾರು ಕೂಗಿದರೇನು, ಕೈ ಬೀಸಿದರೇನು. ಭಯವಿಲ್ಲದ ಕಣ್ಣಿಗೂ ಅದೇ ಕಾರಣ, ಟವಲಿಗೂ ಅದೇ ಕಾರಣ. "ಕಳಿಸ್ತೀನಣ್ಣ," ಎಂದುಬಿಟ್ಟ. ಮಹದೇವಪ್ರಸಾದ್ ಬೆನ್ನು ತಟ್ಟಿ ಹೋದ. ತಟ್ಟಿದ ಜಾಗ ಮಧ್ಯಾಹ್ನದವರೆಗೂ ಚುರುಗುಟ್ಟುತ್ತಿತ್ತು.

ಊಟಕ್ಕೆ ಮನೆಗೆ ಹೋದ. ಪುಷ್ಪಾ ಅವನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತಳು. ಭಾನುವಾರ ಸಂಜೆ ಎಲ್ಲರೂ ಎತ್ತು ಯಾರದು, ಗೆದ್ದವರು ಯಾರು, ಕಾಲು ಎಲ್ಲಿ ಮುರಿಯಿತು ಎಂದು ಕೇಳಿದ್ದರೆ, ಇವಳೊಬ್ಬಳು "ನಿಮ್ಗೆ ಕಾಣ್ಲಿಲ್ವಾ?" ಎಂದು ಕೇಳಿದ್ದಳು. ಅಷ್ಟೇ. ಆಪಾದನೆಯೇನೂ ಇರಲಿಲ್ಲ, ಕನ್ನಡಕ ಹಾಕಿಕೊಂಡಿರಲಿಲ್ಲವಾ ಎನ್ನುವ ಧಾಟಿಯಲ್ಲೇ ಕೇಳಿದ್ದು. ಅವನು ಕ್ಯಾಮೆರಾದ ವಿಷಯ, ಚೌಕದ ವಿಷಯ, ಸೆಟ್ಟಿಂಗ್ ವಿಷಯ ಎಲ್ಲ ಹೇಳಿದ್ದ. ಪೂರ್ತಿ ಕೇಳಿ, "ಅಂಗಾರೆ ಕಂಡಿತ್ತಾ, ಕಂಡಿರ್ಲಿಲ್ವಾ?" ಎಂದಿದ್ದಳು. ಅಲ್ಲಿಂದ ಇಬ್ಬರೂ ಆ ಮಾತೆತ್ತಿರಲಿಲ್ಲ. ಈಗ ಅವನು ಮುದ್ದೆ ಮುರಿದು ಮುರಿದು ತಟ್ಟೆಯಲ್ಲೇ ಇಡುವುದನ್ನು ನೋಡಿ ಹೇಳಿದಳು.

"ಒಂದ್ಸಲ ಹೋಗಿ ಅವ್ರನ್ನ ನೋಡ್ಕಂಡ್ ಬನ್ನಿ ಅಂದ್ರೆ ಕೇಳಲ್ಲ. ಆಸ್ಪತ್ರೆಯಿಂದ ಮನೆಗ್ ಬಂದವ್ರಂತೆ."

"ಹೋಗಿ ಏನ್ ಹೇಳ್ಲಿ?"

"ಎಂಗಿದ್ದೀರಿ ಅಂತ ಕೇಳೋಕ್ಕೂ ಯೋಚ್ನೆ ಮಾಡ್ಬೇಕೇನ್ರಿ?"

ಅಂತರಸಂತೆಯ ದಾರಿಯಲ್ಲಿ ಬೈಕು ಓಡಿಸುತ್ತ ಅವನು ಹೇಳಬೇಕಾದ ಮಾತನ್ನು ಜೋಡಿಸತೊಡಗಿದ. ಯಜಮಾನ್ರೇ, ನಾನು ನಿಮ್ಮನ್ನ ನೋಡ್ಲಿಲ್ಲ. ಇಷ್ಟೇ ಹೇಳಿದರೆ ಸುಳ್ಳು ಹೇಳಿದಂತೆ. ಯಜಮಾನ್ರೇ, ನಾನು ನೋಡ್ದೆ, ಆದ್ರೆ ಗೊತ್ತಾಗ್ಲಿಲ್ಲ. ಇದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಕ್ಯಾಮೆರಾ ನೋಡ್ತು ಎಂದರೆ ಮುದುಕ ನಗುತ್ತಾನೆ, ಇಲ್ಲ ಉಗಿಯುತ್ತಾನೆ. ಬೈಕಿನ ಹ್ಯಾಂಡಲ್ಲಿಗೆ ಬಾಳೆಹಣ್ಣು, ಬ್ರೆಡ್ಡಿನ ಚೀಲ ಸಿಕ್ಕಿಸಿದ್ದ, ಅದು ಮೊಣಕಾಲಿಗೆ ಬಡಿಯುತ್ತಿತ್ತು. ಎಚ್.ಡಿ. ಕೋಟೆ ದಾಟಿದ ಮೇಲೆ ರಸ್ತೆಯ ಪಕ್ಕದ ಹೊಲದಿಂದ ಕರುವೊಂದು ಬಾಲ ಎತ್ತಿಕೊಂಡು ಅಡ್ಡ ನುಗ್ಗಿತು. "ಏಯ್!" ಎಂದು ಕೂಗಿ ಬ್ರೇಕ್ ಒತ್ತಿದ. ಕರು ಬೆಚ್ಚಿ ಆಚೆ ಹಾರಿತು. ಬೈಕನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಅವನು ಹಾಗೇ ಕೂತ. ಯಾರೂ ಹೇಳಿಕೊಡದೆ, ಯೋಚನೆ ಮಾಡದೆ, ಗಂಟಲಿನಿಂದ ಆ ಕೂಗು ತಾನಾಗಿ ಬಂದಿತ್ತು. ಒಂದು ಕರುವಿಗೆ ಬಂದದ್ದು ಮನುಷ್ಯನಿಗೆ ಬರಲಿಲ್ಲ. ಹಾಗಾದರೆ ಕಂಡಿರಲಿಲ್ಲ ಎಂದೇ ಆಯಿತಲ್ಲ, ಕಂಡಿದ್ದರೆ ಕೂಗುತ್ತಿದ್ದೆನಲ್ಲ ಎಂದು ಒಂದು ಕ್ಷಣ ಹಗುರವಾದ. ಮರುಕ್ಷಣವೇ, ಈಗ ನಿನ್ನ ಕಣ್ಣಿನ ಮುಂದೆ ಕ್ಯಾಮೆರಾ ಇರಲಿಲ್ಲ, ಇದ್ದಿದ್ದರೆ ಕರುವಿನ ಫೋಟೋ ತೆಗೆಯುತ್ತಿದ್ದೆ ಎಂದು ಅವನೊಳಗಿಂದಲೇ ಯಾರೋ ಅಂದರು. ವಾಪಸ್ ಹೋಗಿಬಿಡೋಣವೆನಿಸಿತು. ಬಾಳೆಹಣ್ಣು ಕೊಂಡಾಗಿದೆಯಲ್ಲ ಎಂಬ ಕಾರಣಕ್ಕೆ ಮುಂದೆ ಹೋದ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಎತ್ತು ತುಳಿದ ಮಂಟಯ್ಯ ಎಂದರೆ ಹೆಂಗಸರು ಮಕ್ಕಳೆಲ್ಲ ಕೈ ತೋರಿಸಿದರು. ಜಗಲಿಯ ಮೇಲೆ ಹಗ್ಗದ ಮಂಚ, ಮಂಚದ ಮೇಲೆ ತೊಡೆಯವರೆಗೆ ಪ್ಲಾಸ್ಟರ್ ಕಟ್ಟು ಹಾಕಿದ ಕಾಲು, ಕಾಲಿನಾಚೆ ಆ ಮುಖ. ಕಾಂತರಾಜ್ ಅಂಗಳದಲ್ಲೇ ನಿಂತುಬಿಟ್ಟ. ನಾಲ್ಕು ದಿನದಿಂದ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ ಮುಖ. ಎಡಗೆನ್ನೆಯ ಮಚ್ಚೆ ಗೊತ್ತು, ಹುಬ್ಬಿನಲ್ಲಿ ಉದ್ದವಾಗಿ ಬೆಳೆದ ಒಂದು ಬಿಳಿ ಕೂದಲು ಗೊತ್ತು.  ಈಗ ಅದು ಕಣ್ಣು ಮಿಟುಕಿಸಿದ್ದು ಕಂಡು ಅವನಿಗೆ ಗಾಬರಿಯಾಯಿತು. ಮಂಟಯ್ಯನ ಹೆಂಡತಿ ಚಿಕ್ಕಬೀರಮ್ಮ ಮಂಚದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಯಾರು?" ಎಂದಳು.

ಅವನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿನಿಂದ ದನಿ ಬಂತು. "ಅಯ್ ಯಾರು ಅಂತ್ಯಲ್ಲೇ! ಪೋಟದ ಸಾಮಿ ಕಣೆ, ಉಣ್ಸೂರವ್ರು. ಬನ್ನಿ ಸಾಮಿ, ಬನ್ನಿ, ಕುಂತ್ಕಳಿ. ಲೇ, ಚಾಪೆ ಆಕು."

ಅವನು ಕೂರಲಿಲ್ಲ. ಕೂತರೆ ಮಾತು ಮರೆತುಹೋಗುತ್ತದೆಂಬ ಹೆದರಿಕೆ. ಚೀಲವನ್ನು ಕೈಯಲ್ಲೇ ಹಿಡಿದುಕೊಂಡು, "ಯಜಮಾನ್ರೇ, ನಾನು ನಿಮ್ಮನ್ನ ನೋಡ್ಲಿಲ್ಲ," ಎಂದ. ಹೇಗಿದ್ದೀರಿ ಎಂದು ಕೇಳುವುದನ್ನೂ ಮರೆತಿದ್ದ.

"ನೋಡ್ಲಿಲ್ಲ ಅಂದ್ರೆ ಎಂಗೆ?" ಮಂಟಯ್ಯ ನಕ್ಕ. "ನನ್ನ ಕಡೀಕೇ ತಿರುಗಿಸ್ಕಂಡ್ ಕುಂತಿದ್ರಲ್ಲ."

"ಎತ್ತಿನ ಕಡೆ ತಿರುಗ್ಸಿದ್ದೆ. ನೀವು ಮಧ್ಯ..."

"ಎತ್ತು ನನ್ನ ಇಂದ್ಗಡೆ ಇದ್ದೊ. ನೀವು ನೋಡ್ತಿದ್ದುದ್ದು ನನ್ನ. ನಂಗೆ ಕಾಣ್ತಿರ್ಲಿಲ್ವಾ?" ಎಂದು ಮಂಟಯ್ಯ, ವಾದವೇ ಬೇಡ ಎಂಬಂತೆ ಕೈಯಾಡಿಸಿದ. ಆಮೇಲೆ ಹೆಂಡತಿಗೂ ಇವನಿಗೂ ಸೇರಿಸಿ ಹೇಳತೊಡಗಿದ. "ಆಚೆ ಕಡೆ ಟೀ ಅಂಗ್ಡಿ ಇತ್ತಾ, ಒಂದ್ ಲೋಟ ಟೀ ಕುಡ್ಯಣ ಅಂತ ಒಂಟಿದ್ದೆ. ನಡೂಕ್ ಬಂದು ನೋಡ್ತೀನಿ, ಇವ್ರು ಆ ಉದ್ದನೆ ಕೊಳ್ವೆನ ನನ್ನ ಕಡೀಕೇ ಇಟ್ಕಂಡವ್ರೆ. ಯಾರಪ್ಪಾ ಅಂದ್ರೆ ನಮ್ಮ ಪೋಟದ ಸಾಮಿ! ಉಣ್ಸೂರ್ನಾಗೆ ಮಗ್ಳು ಸುಧಾನ ಮನೇಲಿದ್ದಾಗ ಇವ್ರ ಅಂಗ್ಡೀಲೇ ಅಲ್ವಾ ನಾನು ಪಿಂಚಣಿ ಪೋಟ ತೆಗುಸ್ಕಂಡಿದ್ದು. ಓ, ಗುರ್ತು ಸಿಕ್ಬುಟ್ಟದೆ, ಇಷ್ಟು ಜನ್ದಾಗೆ ನನ್ನೇ ಇಡೀತಾವ್ರೆ ಅಂದ್ಕಂಡು ನಿಂತ್ಕಂಡೆ. ಟವಲ್ ತೆಗ್ದು ಎಗಲ್ಗಾಕ್ಕಂಡೆ. ನೀವೇ ಏಳಿದ್ರಲ್ಲ ಸಾಮಿ ಅವತ್ತು. ಟವಲ್ ತೆಗೀರಿ, ಕೈ ಕೆಳ್ಗೆ ಬುಡಿ, ಅಲ್ಲಾಡ್ಬ್ಯಾಡಿ."

ಕಾಂತರಾಜನಿಗೆ ಆ ಪಿಂಚಣಿ ಫೋಟೋ ನೆನಪಿಗೆ ಬರಲಿಲ್ಲ. ಎಷ್ಟೋ ಟವಲು, ಎಷ್ಟೋ ಮುಖ, ಎಲ್ಲವೂ ನೀಲಿ ಪರದೆಯ ಮುಂದೆ ಬಂದು ಹೋದಂಥವು. ಗುರುತು ಸಿಕ್ಕಿದೆ ಎಂದು ಮುದುಕ ನಿಂತದ್ದು; ಇವನಿಗೆ ಗುರುತೇ ಇರಲಿಲ್ಲ. ಗುರುತು ಹಿಡಿದದ್ದು ಚೌಕ, ಅದೂ ಯಾವ ಮುಖವಾದರೂ ಆಗುತ್ತಿತ್ತು. ಮುದುಕ ನಿಂತು ನೋಡಿದ್ದಕ್ಕೆ ಚೌಕ ಹಾರಿ ಬಂತು, ಇವನು ಚೌಕದ ಜೊತೆ ಗುದ್ದಾಡುತ್ತ ಕ್ಯಾಮೆರಾ ಇಳಿಸದೆ ಇದ್ದದ್ದಕ್ಕೆ ಮುದುಕ ನಿಂತೇ ಇದ್ದ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಲು ಹೋದರೆ ತಲೆ ಗಿರ್ರೆಂದಿತು. ಅವನು ಜಗಲಿ ಹತ್ತಿ ಚೀಲ ಕೆಳಗಿಟ್ಟ.

"ನೋಡಿ ಸಾಮಿ ಈ ಬುದ್ವಂತಿಕೆಯ," ಎಂದಳು ಚಿಕ್ಕಬೀರಮ್ಮ. "ಬೆನ್ನಿಂದೆ ಎತ್ತು ಬತ್ತಾ ಅವೆ, ಇವ್ರು ಪೋಟಕ್ ನಿಂತವ್ರೆ! ಸದ್ದು ಕೇಳ್ಲಿಲ್ವಾ ಅಂದ್ರೆ ಕೇಳ್ತು ಅಂತಾರೆ. ಓಡ್ಬಾರ್ದಿತ್ತಾ?"

"ಓಡಿದ್ರೆ ಅವ್ರ ಪೋಟ ಕೆಟ್ಟೋಗ್ತಿತ್ತಲ್ಲೇ," ಎಂದ ಮಂಟಯ್ಯ, ತಿಳಿಯದವಳಿಗೆ ತಿಳಿಸಿ ಹೇಳುವ ದನಿಯಲ್ಲಿ. "ಒಂದ್ ಗಳ್ಗೆ. ಅವ್ರು ಆಯ್ತು ಅಂದ್ಬುಟ್ರೆ ಓಡಣ ಅಂತ್ಲೇ ಇದ್ದೆ. ಇವ್ರು ಆಯ್ತು ಅನ್ಲೇ ಇಲ್ಲ."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಕಾಂತರಾಜ್ ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದ, ಅದಕ್ಕೆ ಸಿದ್ಧನಾಗಿಯೇ ಬಂದಿದ್ದ. ಚಿಕ್ಕಬೀರಮ್ಮ ಸುಲಿದ ಕಾಳು ಮೊರದಲ್ಲಿ ಹರಡಿದಳು. ಇಲ್ಲ ಯಜಮಾನ್ರೇ, ನಾನು ನಿಮ್ಮನ್ನ ನೋಡ್ತಿರಲಿಲ್ಲ, ಅದು ಯಂತ್ರ, ಅದಕ್ಕೆ ನೀವೂ ಒಂದೇ ಮರಮ್ಮನೂ ಒಂದೇ ಎಂದು ಹೇಳಿದರೆ ತಾನು ಉಳಿದುಕೊಳ್ಳಬಹುದು. ಆದರೆ ಹಾಗೆ ಹೇಳಿದ ಮೇಲೆ ಈ ಮುದುಕ ಯಾರಿಗೋಸ್ಕರ ನಿಂತಿದ್ದ ಎಂದಾಗುತ್ತದೆ? ಎತ್ತಿನ ಸದ್ದು ಕೇಳಿಯೂ, ಯಾರೂ ಇಲ್ಲದ ಕಡೆ ಮುಖ ಮಾಡಿ ನಿಂತು, ಕಾಲು ಮುರಿದುಕೊಂಡವನಾಗುತ್ತಾನೆ. ನಾಲ್ಕು ದಿನ ಅವನು ಹುಡುಕುತ್ತಿದ್ದ ಉತ್ತರ ಇನ್ನೂ ಸಿಕ್ಕಿರಲಿಲ್ಲ. ಸಿಗುವುದೂ ಇಲ್ಲವೆಂದು ಈಗ ಅನಿಸಿತು.

"ಹೌದು ಯಜಮಾನ್ರೇ, ನಿಮ್ಮನ್ನೇ ನೋಡ್ತಿದ್ದೆ," ಎಂದ. ಹೇಳಿದ್ದು ನಿಜವೋ ಸುಳ್ಳೋ ಅವನಿಗೆ ಗೊತ್ತಿರಲಿಲ್ಲ.

"ಮತ್ತೆ!" ಎಂದ ಮಂಟಯ್ಯ ಹೆಂಡತಿಯ ಕಡೆ ತಿರುಗಿ. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದ. "ಚೆನ್ನಾಗ್ ಬಂದದಾ?"

ಕಾಂತರಾಜ್ ಮಂಚದ ಅಂಚಿನಲ್ಲಿ ಕೂತು ಫೋನು ತೆಗೆದ. ಮಹದೇವಪ್ರಸಾದನಿಗೆ ಕಳಿಸಲೆಂದು ಟವಲ್ ಗಾಳಿಯಲ್ಲಿರುವುದನ್ನೂ ಕೊನೆಯದನ್ನೂ ಫೋನಿಗೆ ಹಾಕಿಕೊಂಡಿದ್ದ. ಕೊನೆಯದನ್ನು ತೆರೆದು ಮುದುಕನ ಕೈಗೆ ಕೊಟ್ಟ. ಮಂಟಯ್ಯ ಅದನ್ನು ಎರಡೂ ಕೈಯಿಂದ ಹಿಡಿದು ದೂರ ಮಾಡಿ ನೋಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಫೋಟೋದ ಮುಖದ ಮೇಲೆ ಮಹದೇವಪ್ರಸಾದನ ಹೆಸರು ಬಂತು. ಮುದುಕ ತನ್ನಿಂದಲೇ ಏನೋ ಆಯಿತೆಂದು ಗಾಬರಿಯಿಂದ ಫೋನು ವಾಪಸ್ ಕೊಟ್ಟ.

"ಏನಯ್ಯಾ, ಕಳಿಸ್ಲೇ ಇಲ್ವಲ್ಲ. ಇಲ್ಲಿ ಕಾಯ್ತಾವ್ರೆ."

"ಪ್ರಸಾದಣ್ಣ, ಅವ್ರು ಟವಲ್ ಬೀಸ್ತಿಲ್ಲ. ಫೋಟೋಗೆ ಅಂತ ತೆಗ್ದವ್ರೆ."

"ಏನಂದೆ?"

"ಫೋಟೋಗೆ ನಿಂತಿದ್ರು ಅಣ್ಣ. ನಾನು ಕ್ಯಾಮೆರಾ ತಿರುಗಿಸ್ಕಂಡಿದ್ದೆ, ಅದಕ್ಕೆ ನಿಂತಿದ್ರು. ನಾನು ಆಯ್ತು ಅನ್ಲಿಲ್ಲ."

"ಕಾಂತರಾಜು, ಎಲ್ಲಿದ್ದೀಯ ನೀನು? ಯಾರ ಕಡೆ ಮಾತಾಡ್ತಿದ್ದೀಯ?"

"ಸ್ಟೇಷನ್‌ನಲ್ಲಿ ಕೇಳಿದ್ರೂ ಇದನ್ನೇ ಹೇಳ್ತೀನಿ," ಎಂದ ಕಾಂತರಾಜ್. ಧೈರ್ಯ ಬಂದು ಹೇಳಿದ್ದೋ, ದಿಕ್ಕು ತೋಚದೆ ಹೇಳಿದ್ದೋ ತಿಳಿಯಲಿಲ್ಲ. ಆ ಕಡೆಯಿಂದ ಇನ್ನೂ ಮಾತು ಬರುತ್ತಿತ್ತು, ಅವನು ಫೋನು ಕತ್ತರಿಸಿದ. ಮಂಟಯ್ಯ ಈ ಮಾತುಕತೆಗೆ ಕಿವಿಗೊಟ್ಟಂತೆ ಕಾಣಲಿಲ್ಲ. ದೊಡ್ಡವರ ಫೋನು ಮುಗಿಯಲೆಂದು ಮರ್ಯಾದೆಯಿಂದ ಕಾದಿದ್ದು, ಮುಗಿದೊಡನೆ ಕೈ ಚಾಚಿದ.

ಈ ಸಲ ಫೋಟೋ ಬಹಳ ಹೊತ್ತು ಅವನ ಕೈಯಲ್ಲಿತ್ತು. ಹಿಂದಿನ ಬಿಳುಪು ಏನೆಂದು ಅವನು ಕೇಳಲಿಲ್ಲ. ಚಿಕ್ಕಬೀರಮ್ಮ ಎದ್ದು ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು, "ಅಂಗಿ ಗುಂಡಿ ಆಕ್ಕಂಡಿಲ್ಲ ನೋಡಿ," ಎಂದಳು, ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಫೋಟೋದಲ್ಲಿ ಎತ್ತು ಓಡಿತ್ತು, ಗಾಡಿ ಓಡಿತ್ತು, ಧೂಳು ಎದ್ದಿತ್ತು, ಅಂಚಿನಲ್ಲಿ ನಿಂತ ಜನ ಕೂಡ ಬಾಯಿ ತೆರೆದು ಅತ್ತಿತ್ತ ಹಾರಿ ಬಣ್ಣಬಣ್ಣದ ಮಸುಕಾಗಿದ್ದರು. ಮಂಟಯ್ಯ ತನ್ನ ಮುಖದ ಮೇಲೆ ಬೆರಳಿಟ್ಟ. ಬೆರಳು ತಾಗಿ ಅದು ದೊಡ್ಡದಾಯಿತು.

"ನಾನು ಅಲ್ಲಾಡ್ಲಿಲ್ಲ ಅಲ್ವಾ ಸಾಮಿ?"

"ಇಲ್ಲ ಯಜಮಾನ್ರೇ. ನೀವು ಅಲ್ಲಾಡ್ಲಿಲ್ಲ."

ಮುದುಕ ತಲೆಯೆತ್ತಿ ಇವನನ್ನೇ ನೋಡಿದ. ಹೊಲದಲ್ಲಿ ನೋಡಿದ್ದ ಅದೇ ನೋಟ. ಈಗ ನಡುವೆ ಕ್ಯಾಮೆರಾ ಇರಲಿಲ್ಲ. ಕಾಂತರಾಜ್ ಅಪ್ಪನ ಹಾಗೆ ಎಳೆದು ರಾಗವಾಗಿ ಹೇಳಲು ನೋಡಿದ, ದನಿ ನಡುವೆಯೇ ಒಡೆಯಿತು.

"ಆಯ್ತು," ಎಂದ.